ರೂಟರಿನ ಕೀಲಿಕೈ ಮನೆಯವರ ಕೈಗೆ ಬಂದ ಬಗೆ

ಬಿಜ್ಜರಗಿ, ತಿಕೋಟಾ, ಬಬಲೇಶ್ವರ ಸುತ್ತಿನ ಹಳ್ಳಿಗಳಲ್ಲಿ ಮನೆಗೆ ಇಂಟರ್‌ನೆಟ್ ಹಾಕಿಸಿಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ. ಪಡಸಾಲೆಯಲ್ಲಿ ವೈಫೈ ಚೆನ್ನಾಗಿದೆ, ಅಡುಗೆಮನೆಯಲ್ಲಿ ಇಲ್ಲ. ಕಲ್ಲು-ಮಣ್ಣಿನ ದಪ್ಪ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಅಲೆ ಸೋತುಹೋಗುತ್ತದೆ. ತೋಟದ ವಸ್ತಿಯಲ್ಲಿ ಒಣದ್ರಾಕ್ಷಿ ಶೆಡ್ಡಿಗೆ ಕ್ಯಾಮೆರಾ ಹಾಕಿದವರ ತೊಂದರೆ ಬೇರೆ: ವಿಡಿಯೊ ಮೇಲೇರುತ್ತಿರುವಾಗ ಮನೆಯಲ್ಲಿ ಫೋನಿನ ಮಾತು ತುಂಡುತುಂಡಾಗುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಮದ್ದು: “ನಾಲ್ಕು ಆಂಟೆನಾದ್ದು ಒಯ್ಯರಿ.” ನನ್ನ ಮಟ್ಟಿಗೆ ಆಂಟೆನಾ ಎಣಿಸುವುದು ಕೊನೆಯ ಕೆಲಸ. ಪೆಟ್ಟಿಗೆಯೊಳಗಿನ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ನಾವು ಬದಲಿಸಬಹುದೇ ಎಂಬುದು ಮೊದಲ ಪ್ರಶ್ನೆ. ಆ ಪ್ರಶ್ನೆ ಕೇಳುವ ಹಕ್ಕು ನಮಗೆ ಸುಮ್ಮನೆ ಸಿಕ್ಕಿದ್ದಲ್ಲ.

2002ರ ಕೊನೆಗೆ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷ ಸಿಸ್ಕೊ ಆ ಕಂಪನಿಯನ್ನೇ ಕೊಂಡಿತು. 2003ರ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಎಂಬ ತಂತ್ರಜ್ಞ ಈ ಪೆಟ್ಟಿಗೆ ಲಿನಕ್ಸ್ ಮೇಲೆ ಓಡುತ್ತಿದೆ, ಆದರೆ ಅದರ ಮೂಲ ಸಂಕೇತವನ್ನು ಕಂಪನಿ ಹಂಚಿಲ್ಲ ಎಂದು ಲಿನಕ್ಸ್ ತಂತ್ರಜ್ಞರ ಗಮನಕ್ಕೆ ತಂದ. ಲಿನಕ್ಸ್‌ನಂಥ ಜಿಪಿಎಲ್ ಪರವಾನಗಿಯ ತಂತ್ರಾಂಶ ಸೇರಿಸಿ ಸಾಮಾನು ಮಾರಿದವರು ಅದರ ಮೂಲ ಸಂಕೇತವನ್ನೂ ಕೊಡಲೇಬೇಕು. ಒತ್ತಡ ಹೆಚ್ಚಿದಾಗ ಅದೇ ವರ್ಷ ಲಿಂಕ್‌ಸಿಸ್ ಸಂಕೇತ ಬಿಡುಗಡೆ ಮಾಡಿತು.

ಒಳಗೆ ನುಗ್ಗುವ ದಾರಿಯೂ ಆ ಪೆಟ್ಟಿಗೆಯಲ್ಲೇ ಇತ್ತು. ಸಂಪರ್ಕ ಸರಿಯಿದೆಯೇ ನೋಡಲು ಕೊಟ್ಟಿದ್ದ ‘ಪಿಂಗ್’ ಪುಟದಲ್ಲಿ ವಿಳಾಸ ಬರೆಯುವ ಖಾನೆಯೊಂದಿತ್ತು. ಅಲ್ಲಿ ವಿಳಾಸದ ಬದಲು ಲಿನಕ್ಸ್ ಆದೇಶ ಬರೆದರೆ ರೂಟರ್ ಅದನ್ನು ತಪಾಸಣೆಯಿಲ್ಲದೆ ನಡೆಸಿಬಿಡುತ್ತಿತ್ತು. ಭದ್ರತೆಯ ಲೆಕ್ಕದಲ್ಲಿ ಅದು ದೊಡ್ಡ ತೂತು. ಕುತೂಹಲಿಗಳಿಗೆ ಅದೇ ಬಾಗಿಲಾಯಿತು.

ಬಿಡುಗಡೆಯಾದ ಆ ಸಂಕೇತದಿಂದ 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹುಟ್ಟಿತು. ಜರ್ಮನಿಯ ಸೆಬಾಸ್ಟಿಯನ್ ಗಾಟ್‌ಶಾಲ್ ಡಿಡಿ-ಡಬ್ಲ್ಯುಆರ್‌ಟಿ ಕಟ್ಟಿದ, ಜೊನಾಥನ್ ಝಾರಾಟೆ ಟೊಮ್ಯಾಟೊ ಕಟ್ಟಿದ. ಡಿಡಿ-ಡಬ್ಲ್ಯುಆರ್‌ಟಿಯಲ್ಲಿ ಆಯ್ಕೆಗಳ ರಾಶಿ. ಟೊಮ್ಯಾಟೊ ಪುಟಗಳು ನೋಡಲು ಸರಳ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮಾತ್ರ ಬೇಕಾದ ತಂತ್ರಾಂಶವನ್ನು ಬಿಡಿಬಿಡಿಯಾಗಿ ಸೇರಿಸಬಹುದಿತ್ತು, ಬೇಡದ್ದನ್ನು ತೆಗೆಯಬಹುದಿತ್ತು. ಇಂದಿಗೂ ಅದೇ ಮುಂಚೂಣಿಯಲ್ಲಿರಲು ಇದು ಮುಖ್ಯ ಕಾರಣವೆಂದು ನನ್ನ ನಂಬಿಕೆ.

2005ರಲ್ಲಿ ಕಂಪನಿ ಐದನೇ ಆವೃತ್ತಿಯ ಡಬ್ಲ್ಯುಆರ್‌ಟಿ54ಜಿಯಿಂದ ಲಿನಕ್ಸ್ ತೆಗೆದು, 4 ಎಂಬಿ ಫ್ಲ್ಯಾಶ್ ಇದ್ದದ್ದನ್ನು 2 ಎಂಬಿಗೆ, 16 ಎಂಬಿ ರ್‍ಯಾಮನ್ನು 8 ಎಂಬಿಗೆ ಇಳಿಸಿತು. ಹೆಸರು ಅದೇ, ಹೊರಮೈ ಅದೇ, ಒಳಗೆ ಬೇರೆಯೇ ಯಂತ್ರ. ಲಿನಕ್ಸ್ ಬೇಕೆಂದವರಿಗಾಗಿ ಜಿಎಲ್ ಎಂಬ ಮಾದರಿಯನ್ನು ಪ್ರತ್ಯೇಕವಾಗಿ ತಂದರು. ಮಾದರಿಯ ಹೆಸರನ್ನಷ್ಟೇ ನೋಡಿ ಕೊಂಡವರು ಇಂದಿಗೂ ಎಡವುವುದು ಇಲ್ಲಿಯೇ.

ಭಾರತದಲ್ಲಿ ಈ ಕಥೆ ಶುರುವಾಗಲು ಕಾನೂನು ಬದಲಾಗಬೇಕಿತ್ತು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಹೊರಾಂಗಣ ಬಳಕೆಗೂ ಪರವಾನಗಿಯಿಂದ ಮುಕ್ತಗೊಳಿಸಿತು. ಮರುತಿಂಗಳು ಮುಗಿಯುವಷ್ಟರಲ್ಲಿ ಹಿಮಾಚಲದ ಧರ್ಮಶಾಲಾದಲ್ಲಿ ಎಂಟು ಸಂಸ್ಥೆಗಳ ಆವರಣಗಳು ಬೆಟ್ಟದಿಂದ ಬೆಟ್ಟಕ್ಕೆ ವೈಫೈ ಮೂಲಕ ಬೆಸೆದುಕೊಂಡವು. ಬಳಸಿದ್ದು ತಂತ್ರಾಂಶ ಬದಲಿಸಿದ ಅದೇ ಲಿಂಕ್‌ಸಿಸ್ ಪೆಟ್ಟಿಗೆಗಳನ್ನು. ಏರ್‌ಜಲ್ದಿ ಎಂಬ ಸಂಸ್ಥೆ ಬೆಳೆದದ್ದು ಆ ಕೆಲಸದಿಂದ. 5 ಗಿಗಾಹರ್ಟ್ಸ್ ಪಟ್ಟಿಗೆ ಇಷ್ಟು ಧಾರಾಳ ಸಿಗಲು 2018ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ತುಮಕೂರು ಜಿಲ್ಲೆಯ ದೇವರಾಯನದುರ್ಗವಿದೆ. ಬೆಂಗಳೂರಿನ ಜನಸ್ತು ಸಂಸ್ಥೆ ಅಲ್ಲಿ ಊರವರೊಂದಿಗೆ ಕಟ್ಟುತ್ತಿರುವ ಸಮುದಾಯ ವೈಫೈ ಜಾಲದಲ್ಲಿ ಒಂದು ರೂಟರ್ ಇನ್ನೊಂದಕ್ಕೆ ಮಾತು ದಾಟಿಸುತ್ತದೆ. ಹೊರಗಿನ ಇಂಟರ್‌ನೆಟ್ ಇಲ್ಲದಿದ್ದರೂ ಊರಿನ ಧ್ವನಿಮುದ್ರಣಗಳು ಊರೊಳಗೆ ಓಡಾಡುತ್ತವೆ. ಅಂಗಡಿಯ ಫರ್ಮ್‌ವೇರ್ ಇರುವ ಸಾದಾ ಪೆಟ್ಟಿಗೆಯಿಂದ ಈ ಕೆಲಸ ಆಗುವುದು ಕಷ್ಟ. ದ್ರಾಕ್ಷಿ ತೋಟಗಳ ವಸ್ತಿಗಳು ಚದುರಿಕೊಂಡಿರುವ ತಿಕೋಟಾ ಭಾಗಕ್ಕೆ ಇಂಥ ಜಾಲ ಬಹಳ ಹೊಂದುತ್ತದೆ. ಯಾರಾದರೂ ಕೈ ಹಾಕಬೇಕು.

ಫೋನಿನ ಮಾತು ತುಂಡಾಗುವ ರೋಗಕ್ಕೆ ಮದ್ದು ಸಿಕ್ಕಿದ್ದೂ ಓಪನ್‌ಡಬ್ಲ್ಯುಆರ್‌ಟಿ ಬಳಗದಲ್ಲೇ. ರೂಟರ್ ಮತ್ತು ಮೋಡೆಮ್‌ಗಳು ಕಳಿಸಬೇಕಾದ ಮಾಹಿತಿಯನ್ನು ಮಿತಿಮೀರಿ ಗುಡ್ಡೆ ಹಾಕಿಕೊಳ್ಳುತ್ತವೆ. ದೊಡ್ಡ ವಿಡಿಯೊದ ಹಿಂದೆ ಸಿಕ್ಕಿಕೊಂಡ ಮಾತಿನ ತುಣುಕು, ಸಂತೆ ದಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತ ಸೈಕಲ್ಲಿನಂತೆ ಕಾಯುತ್ತದೆ. 2010ರ ಹೊತ್ತಿಗೆ ಜಿಮ್ ಗೆಟಿಸ್ ಎಂಬ ತಂತ್ರಜ್ಞ ಈ ರೋಗವನ್ನು ಗುರುತಿಸಿ ‘ಬಫರ್‌ಬ್ಲೋಟ್’ ಎಂದು ಕರೆದ. 2025ರಲ್ಲಿ ತೀರಿಕೊಂಡ ಡೇವ್ ಟಾಟ್ ಮತ್ತು ಸಂಗಡಿಗರು ಓಪನ್‌ಡಬ್ಲ್ಯುಆರ್‌ಟಿಯ ಒಂದು ಕವಲನ್ನೇ ಪ್ರಯೋಗಶಾಲೆ ಮಾಡಿಕೊಂಡು ಪರಿಹಾರಗಳನ್ನು ತಿದ್ದಿ ಪಳಗಿಸಿದರು. ಇಂದು ಓಪನ್‌ಡಬ್ಲ್ಯುಆರ್‌ಟಿಗೆ ಎಸ್‌ಕ್ಯುಎಂ ಎಂಬುದನ್ನು ಸೇರಿಸಿಕೊಂಡು ಅದರ ಪುಟದಲ್ಲಿ ನಿಮ್ಮ ಸಂಪರ್ಕದ ನಿಜವಾದ ವೇಗದ ಶೇ 90ರಷ್ಟನ್ನು ಮಿತಿಯಾಗಿ ಬರೆದರೆ ಸಾಕು, ಸರದಿಯನ್ನು ರೂಟರೇ ನೋಡಿಕೊಳ್ಳುತ್ತದೆ. ತಂತ್ರಾಂಶ ಬದಲಿಸುವುದರಿಂದ ಮನೆಮಂದಿಗೆ ಕಣ್ಣಿಗೆ ಕಾಣುವಂಥ ಲಾಭ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕಾಣದ ಲಾಭ ಭದ್ರತೆಯದು. 2018ರ ಮೇನಲ್ಲಿ ಬಯಲಾದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೂಟರುಗಳು. ಕಂಪನಿಗಳು ಕೆಲವು ವರ್ಷಗಳಲ್ಲೇ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸುತ್ತವೆ, ಪೆಟ್ಟಿಗೆ ಮಾತ್ರ ಗೋಡೆಯ ಮೇಲೆ ಉರಿಯುತ್ತಲೇ ಇರುತ್ತದೆ. ಮುಕ್ತ ಫರ್ಮ್‌ವೇರ್ ಹಾಕಿದರೆ ಹೆಚ್ಚು ಕಾಲ ಅಪ್‌ಡೇಟ್ ಸಿಗುತ್ತದೆ.

ಹಾದಿ ಸಲೀಸಾಗಿರಲಿಲ್ಲ. 2015ರಲ್ಲಿ ಅಮೆರಿಕದ ರೇಡಿಯೊ ನಿಯಮಗಳು ಬಿಗಿಯಾದಾಗ ಕೆಲವು ಕಂಪನಿಗಳು ಫರ್ಮ್‌ವೇರಿಗೇ ಬೀಗ ಹಾಕತೊಡಗಿದವು. ಮರುವರ್ಷ ಟಿಪಿ-ಲಿಂಕ್ ಅಲ್ಲಿನ ಸಂವಹನ ನಿಯಂತ್ರಕ ಎಫ್‌ಸಿಸಿಗೆ 2 ಲಕ್ಷ ಡಾಲರ್ ದಂಡ ಕಟ್ಟಿ, ಹೊರಗಿನವರ ಫರ್ಮ್‌ವೇರಿಗೆ ಅವಕಾಶ ಮಾಡಿಕೊಡಲು ಒಪ್ಪಿತು. ಅದೇ 2016ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಬಳಗವೂ ಒಡೆದು, 2018ರಲ್ಲಿ ಮತ್ತೆ ಒಂದಾಯಿತು. 2024ರ ಕೊನೆಗೆ ಬಳಗ ತಾನೇ ವಿನ್ಯಾಸ ಮಾಡಿಸಿದ ‘ಓಪನ್‌ಡಬ್ಲ್ಯುಆರ್‌ಟಿ ಒನ್’ ಎಂಬ ರೂಟರ್ ಹೊರತಂದಿತು. ಆಗಿನ ಬೆಲೆ 89 ಡಾಲರ್. ತಂತ್ರಾಂಶ ಕೆಟ್ಟರೆ ಸ್ವಿಚ್ ಸರಿಸಿ ಇನ್ನೊಂದು ಮೆಮೊರಿಯಿಂದ ಎಬ್ಬಿಸಬಹುದು.

ಇನ್ನು ಕೊಳ್ಳುವ ಮಾತು. ಒಂದು ಕಾಲಕ್ಕೆ ನಮ್ಮ ಅಂಗಡಿಗಳಲ್ಲಿ ಹೇರಳವಾಗಿದ್ದ ಟಿಪಿ-ಲಿಂಕ್ 740ಎನ್ ಥರದ 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್ ಪೆಟ್ಟಿಗೆಗಳ ಕಾಲ ಮುಗಿದಿದೆ. ಓಪನ್‌ಡಬ್ಲ್ಯುಆರ್‌ಟಿಯ 2021ರ ಆವೃತ್ತಿಯಿಂದ ಕನಿಷ್ಠ 8 ಮತ್ತು 64 ಎಂಬಿ ಬೇಕು. ಇಂದು ಕೊಳ್ಳುವವರು 16 ಮತ್ತು 128 ಎಂಬಿಗಿಂತ ಕಡಿಮೆಯದನ್ನು ಮುಟ್ಟಬೇಡಿ. ಬ್ರಾಡ್‌ಕಾಮ್ ಚಿಪ್ಪಿನ ಹೊಸ ರೂಟರುಗಳಿಗೆ ಮುಕ್ತ ಚಾಲಕ ತಂತ್ರಾಂಶ ಸರಿಯಾಗಿ ಸಿಗುವುದಿಲ್ಲ, ಮೀಡಿಯಾಟೆಕ್ ಚಿಪ್ಪಿನವು ಹೆಚ್ಚು ಒಗ್ಗುತ್ತವೆ. ಡಬ್ಬಿ ತಿರುಗಿಸಿ ಆವೃತ್ತಿಯ ಸಂಖ್ಯೆ ಓದಿ, ಓಪನ್‌ಡಬ್ಲ್ಯುಆರ್‌ಟಿಯ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿ ಅದೇ ಸಂಖ್ಯೆ ಇದೆಯೇ ನೋಡಿ. ನಂತರ ದುಡ್ಡು ಕೊಡಿ.

ಫೈಬರ್ ಜೊತೆ ಬರುವ ಮೋಡೆಮ್ ಬೇರೆಯೇ ಮಾತು. ಅದರ ಒಳಗನ್ನು ಮುಟ್ಟಲು ಹೋಗಬೇಡಿ, ಸಂಪರ್ಕವೇ ಹೋದೀತು. ಅದನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ಸಂಪರ್ಕವನ್ನು ನಿಮ್ಮ ರೂಟರಿಗೆ ದಾಟಿಸುವಷ್ಟೇ ಕೆಲಸಕ್ಕೆ, ಹಾಕಿಕೊಡಲು ಸಂಪರ್ಕ ಕೊಟ್ಟವರನ್ನು ಕೇಳಿ. ಲಾಗಿನ್ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆಯನ್ನು ಬರೆಸಿಕೊಳ್ಳಿ. ಅವರು ಒಪ್ಪದಿದ್ದರೆ ನಿಮ್ಮ ರೂಟರನ್ನು ಮೋಡೆಮ್ ಹಿಂದೆ ಜೋಡಿಸಿದರೂ ನಡೆಯುತ್ತದೆ. ಆಗ ಒಂದು ಎಚ್ಚರ ಬೇಕು: ಮೋಡೆಮ್ ಕೂಡ 192.168.1.1 ವಿಳಾಸದಲ್ಲೇ ಇದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ. ರೂಟರಿನದನ್ನು 192.168.2.1 ಮಾಡಿ.

ಫರ್ಮ್‌ವೇರ್ ಹಾಕುವಾಗ ವೈಫೈ ನೆಚ್ಚಬೇಡಿ, ಲ್ಯಾನ್ ತಂತಿಯಿಂದಲೇ ಜೋಡಿಸಿ. ಮೊದಲ ಸಲ ‘ಫ್ಯಾಕ್ಟರಿ’ ಎಂಬ ಕಡತ, ಮುಂದಿನ ಆವೃತ್ತಿಗಳಿಗೆ ‘ಸಿಸ್‌ಅಪ್‌ಗ್ರೇಡ್’. ಇಳಿಸಿದ ಕಡತದ ಚೆಕ್‌ಸಮ್ ಸಂಖ್ಯೆ ತಾಣದಲ್ಲಿ ಕೊಟ್ಟದ್ದಕ್ಕೆ ಹೊಂದುತ್ತದೆಯೇ ನೋಡಿ. ನಡುವೆ ಕರೆಂಟ್ ಹೋದರೆ ಪೆಟ್ಟಿಗೆ ಸತ್ತುಬೀಳಬಹುದು, ಆದ್ದರಿಂದ ಮಿನಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಎದ್ದ ಮೇಲೆ ಪಾಸ್‌ವರ್ಡ್ ಇರುವುದಿಲ್ಲ, ವೈಫೈ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಮೊದಲು ಪಾಸ್‌ವರ್ಡ್ ಇಟ್ಟು, ದೇಶ ‘ಭಾರತ’ ಎಂದು ಆರಿಸಿ, ಆಮೇಲೆ ವೈಫೈ ಹಚ್ಚಿ. ದಪ್ಪ ಗೋಡೆಯ ಆಚೆಗೆ ತಂತಿ ಎಳೆದು ಹಳೆಯ ರೂಟರೊಂದನ್ನು ಅಲ್ಲಿ ಕೂರಿಸಿದರೆ ನಾಲ್ಕು ಆಂಟೆನಾಗಳೂ ಕೊಡಲಾರದ ಸಿಗ್ನಲ್ ಅಡುಗೆಮನೆಗೆ ಸಿಗುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ತಗಡಿನ ಕೆಳಗೆ ಇಡಬೇಡಿ. ಎಲ್ಲ ಸರಿಹೋದ ಮೇಲೆ ಬ್ಯಾಕಪ್ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಎತ್ತಿಡಿ: ಮಳೆಗಾಲದ ಸಿಡಿಲಿಗೆ ರೂಟರ್ ಸುಟ್ಟರೂ ಅದೇ ಮಾದರಿ, ಅದೇ ಆವೃತ್ತಿಯ ಇನ್ನೊಂದು ತಂದು, ಫರ್ಮ್‌ವೇರ್ ಹಾಕಿ, ಈ ಕಡತ ಏರಿಸಿದರೆ ಮನೆಯ ಫೋನುಗಳೆಲ್ಲ ಹಳೆಯ ಹೆಸರಿಗೇ ಸೇರಿಕೊಳ್ಳುತ್ತವೆ.