ಮುಟ್ಟದೆಯೇ ಏರುವ ವಿದ್ಯುತ್ತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಯಲಿನಲ್ಲಿ ಜೋಳದ ಹೊಲಗಳ ಮೇಲೆ ಹಾದುಹೋಗುವ ವಿದ್ಯುತ್ ಗೋಪುರಗಳು ಯಾರಿಗೂ ಹೊಸ ನೋಟವಲ್ಲ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳು 2017-18ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಮೇಲಂತೂ 4 ಲಕ್ಷ ವೋಲ್ಟಿನ ತಂತಿಗಳು ಇಲ್ಲಿಂದ ದೂರದೂರಕ್ಕೆ ಹೊರಟಿವೆ. ಇಂಥ ಜೋಡಿ ಮಾರ್ಗದಲ್ಲಿ ಒಂದನ್ನು ದುರಸ್ತಿಗೆಂದು ನಿಲ್ಲಿಸಿದರೆ ಅದು ಸತ್ತ ತಂತಿಯೇ? ಅಲ್ಲ. ಪಕ್ಕದ ಜೀವಂತ ತಂತಿ ಮುಟ್ಟದೆಯೇ ಅದಕ್ಕೆ ಸಾವಿರಾರು ವೋಲ್ಟು ಏರಿಸಬಲ್ಲದು. ಲೈನ್‌ಮನ್ ಮೊದಲು ಭೂಸಂಪರ್ಕ ಕೊಟ್ಟು ಆಮೇಲೆ ಕೈ ಹಚ್ಚುವುದು ಇದಕ್ಕೇ.

ಗಾಳಿಯಿಂದ ಬೇರ್ಪಟ್ಟ ಎರಡು ಲೋಹಗಳು ತಮ್ಮ ನಡುವೆ ಆವೇಶ ಹಿಡಿದಿಡುವ ಈ ಗುಣವೇ ಧಾರಕತೆ. ಎಂಜಿನಿಯರರ ಬಾಯಲ್ಲಿ ಕೆಪ್ಯಾಸಿಟೆನ್ಸ್. ನಿಲ್ಲಿಸಿದ ತಂತಿಗೆ ಪಕ್ಕದ ತಂತಿಯೊಂದಿಗೆ ಎಷ್ಟು ಧಾರಕತೆ, ನೆಲದೊಂದಿಗೆ ಎಷ್ಟು ಎಂಬ ಪಾಲಿನ ಮೇಲೆ ಅದರ ವೋಲ್ಟೇಜು ನಿಂತಿದೆ.

ಎರಡೇ ನೇರ ತಂತಿಗಳಾದರೆ ಒಂದು ಸಾಲಿನ ಸೂತ್ರ ಸಾಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದ ಕಾಲಕ್ಕೇ ಆ ಸೂತ್ರ ತಿಳಿದಿತ್ತು. ಆದರೆ ಗೋಪುರದ ತೋಳು, ಪಿಂಗಾಣಿ ಬಟ್ಟಲುಗಳ ಸರ, ಕೊಂಡಿಗಳ ಮೂಲೆಮೊನೆ, ಇವಕ್ಕೆ ಅಂಥ ಸೂತ್ರ ಒಗ್ಗದು.

ದಾರಿ ತೋರಿದ್ದು ಹಳೆಯ ಕಾಗದಗಳು. ಸಂಕೋಚದ ಮನುಷ್ಯ ಹೆನ್ರಿ ಕ್ಯಾವೆಂಡಿಷ್ 1770ರ ದಶಕದಲ್ಲಿ ಲೋಹದ ತಟ್ಟೆಗಳ ಧಾರಕತೆಯನ್ನು ಗೋಲದೊಂದಿಗೆ ಹೋಲಿಸಿ ಅಳೆದು, ಬಹುಪಾಲನ್ನು ಪ್ರಕಟಿಸದೆಯೇ ಬಿಟ್ಟಿದ್ದ. ನೂರು ವರ್ಷದ ಮೇಲೆ, 1879ರಲ್ಲಿ, ಅವನ್ನು ಸಂಪಾದಿಸಿ ಹೊರತಂದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ (ಅದೇ ವರ್ಷ ಆತ ತೀರಿಕೊಂಡ) ಚೌಕದ ತಗಡೊಂದನ್ನು ಲೆಕ್ಕದಲ್ಲಿ 36 ಪುಟ್ಟ ಚೌಕಗಳಾಗಿ ಸೀಳಿದ. ಪ್ರತಿ ತುಂಡಿನಲ್ಲಿ ಎಷ್ಟು ಆವೇಶವಿದ್ದರೆ ಎಲ್ಲ ತುಂಡುಗಳ ನಡುಮಧ್ಯದಲ್ಲಿ ವಿಭವ ಸಮನಾಗುತ್ತದೆ ಎಂದು ಕೇಳಿದ. ಚೌಕದ ನಾಲ್ಕು ಮಗ್ಗುಲೂ ಒಂದೇ ಆದ್ದರಿಂದ 36 ಅಜ್ಞಾತಗಳು ಆರಕ್ಕೆ ಇಳಿಯುತ್ತವೆ. ಆದರೂ ಗಣಕಯಂತ್ರವಿಲ್ಲದ ಕಾಲ, ಬೆವರಿನ ಕೆಲಸ. ತಗಡಿನ ಧಾರಕತೆ, ಅದರ ಬಾಹುವಿನ 0.3607 ಪಟ್ಟು ತ್ರಿಜ್ಯದ ಗೋಲದ ಧಾರಕತೆಗೆ ಸಮ ಎಂಬ ಉತ್ತರ ಬಂತು. ಇಂದಿನ ಗಣಕಗಳು ಕೊಡುವುದು 0.3667. ಕೈಲೆಕ್ಕದ ತಪ್ಪು ನೂರಕ್ಕೆ ಎರಡೂ ಇಲ್ಲ! ಕ್ಯಾವೆಂಡಿಷನ ಅಳತೆಗಿಂತ ಈ ಸೀಳುವ ಉಪಾಯವೇ ದೊಡ್ಡದೆಂದು ನನ್ನ ಎಣಿಕೆ.

ಇಂದು ಎಂಜಿನಿಯರರು ಗಣಕದಲ್ಲಿ ಗೋಪುರವನ್ನೇ ಸಾವಿರಾರು ತುಂಡುಗಳಾಗಿ ಸೀಳಿ ವಿದ್ಯುತ್ ಕ್ಷೇತ್ರವನ್ನು ಚಿತ್ರಿಸುತ್ತಾರೆ. ಸಿಲಿಕಾನ್ ಚಿಪ್ಪಿನ ಕೂದಲಿಗಿಂತ ಸಪೂರ ತಂತಿಗಳಿಗೂ ಇದೇ ವಿಧಾನ. ಬಟ್ಟಲುಗಳ ಸರ ವೋಲ್ಟೇಜನ್ನು ಸಮಪಾಲು ಮಾಡಿಕೊಳ್ಳುವುದಿಲ್ಲ, ತಂತಿಗೆ ಅಂಟಿದ ಬಟ್ಟಲಿಗೇ ಹೆಚ್ಚಿನ ಹೊರೆ ಎಂಬುದು ಈ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಮಾರ್ಗಗಳಲ್ಲಿ ಸರದ ತುದಿಗೆ ತೊಡಿಸಿರುವ ಲೋಹದ ಬಳೆ ಆ ಹೊರೆಯನ್ನು ಮೇಲಿನ ಬಟ್ಟಲುಗಳಿಗೂ ಹಂಚುತ್ತದೆ. ಹೊಲದಲ್ಲಿ ನಿಂತು ತಲೆಯೆತ್ತಿದರೆ ಬರಿಗಣ್ಣಿಗೇ ಕಾಣುತ್ತದೆ.