ಕೈದಿ ನಂಬರ್ 59623

ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಒಂದು ಹಳೆಯ ಸೆರೆಮನೆ ಇತ್ತು. 1834ರಲ್ಲಿ ಆರಂಭವಾಗಿ 1984ರಲ್ಲಿ ಬಾಗಿಲು ಮುಚ್ಚಿದ ಆ ಕಟ್ಟಡ ಈಗ ಉಳಿದಿಲ್ಲ. ಒಂದೂವರೆ ಶತಮಾನದಲ್ಲಿ ಕಳ್ಳರು, ಕೊಲೆಗಡುಕರು, ದರೋಡೆಕೋರರು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಬಂದು ಹೋದರು. ಅವರ ನಡುವೆ ಇಬ್ಬರು ಕಥೆಗಾರರೂ ಇದ್ದರು. ಇಬ್ಬರ ಬರವಣಿಗೆಯೂ ಹದಗೊಂಡದ್ದು ಆ ಗೋಡೆಗಳ ಒಳಗೇ. ಆದರೆ ಒಬ್ಬ ತಾನು ಕೈದಿ ಎಂಬುದನ್ನು ಜಗತ್ತಿನಿಂದ ಮುಚ್ಚಿಟ್ಟ. ಇನ್ನೊಬ್ಬ ತನ್ನ ಕೈದಿ ಸಂಖ್ಯೆಯನ್ನೇ ಸಹಿಯಾಗಿ ಬಳಸಿದ.

ಮೊದಲನೆಯವನು ನಮ್ಮ ಓದುಗರಿಗೂ ಪರಿಚಿತನಾದ ಓ. ಹೆನ್ರಿ. ಅವನ ನಿಜವಾದ ಹೆಸರು ವಿಲಿಯಂ ಸಿಡ್ನಿ ಪೋರ್ಟರ್. ಟೆಕ್ಸಾಸ್‌ನ ಆಸ್ಟಿನ್ ನಗರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಗ ಹಣ ದುರುಪಯೋಗ ಮಾಡಿದನೆಂಬ ಆರೋಪದ ಮೇಲೆ ಐದು ವರ್ಷಗಳ ಶಿಕ್ಷೆಯಾಗಿ 1898ರಲ್ಲಿ ಅಲ್ಲಿಗೆ ಬಂದ. ಔಷಧಗಳ ತಿಳಿವಳಿಕೆ ಇದ್ದುದರಿಂದ ಸೆರೆಮನೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಕಥೆ ಬರೆದ. ಅವು ಸ್ನೇಹಿತರೊಬ್ಬರ ಮೂಲಕ ಪತ್ರಿಕೆಗಳಿಗೆ ಹೋಗುತ್ತಿದ್ದವು. ಬರೆದವನು ಕೈದಿ ಎಂದು ಸಂಪಾದಕರಿಗೆ ತಿಳಿಯುತ್ತಿರಲಿಲ್ಲ. ಅಪ್ಪ ಕೆಲಸದ ಮೇಲೆ ಪರಊರಿಗೆ ಹೋಗಿದ್ದಾರೆಂದೇ ಮಗಳಿಗೆ ಹೇಳಲಾಗಿತ್ತು. 1901ರಲ್ಲಿ ಬಿಡುಗಡೆಯಾದ ಪೋರ್ಟರ್ ತನ್ನ ಹೆಸರನ್ನು ಹಿಂದೆ ಬಿಟ್ಟು ನ್ಯೂಯಾರ್ಕ್ ಸೇರಿದ.

ಸೆರೆಮನೆಯಲ್ಲಿ ಕಂಡ ಅಪರಾಧಿಗಳು ಅವನ ಕಥೆಗಳಲ್ಲಿ ಬಂದರು, ಆದರೆ ಮೃದುವಾಗಿ ಬಂದರು. ಜಿಮ್ಮಿ ವ್ಯಾಲಂಟೈನ್ ಎಂಬ ತಿಜೋರಿ ಕಳ್ಳನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮನಃಪರಿವರ್ತನೆಗೊಂಡ ಜಿಮ್ಮಿ, ತಿಜೋರಿಯಲ್ಲಿ ಸಿಕ್ಕಿಕೊಂಡ ಮಗುವನ್ನು ಉಳಿಸಲು ತನ್ನ ಹಳೆಯ ಕಸುಬಿನ ಉಪಕರಣಗಳನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಅವನನ್ನು ಹಿಡಿಯಲೆಂದೇ ಬಂದ ಪತ್ತೇದಾರ, ನೀನು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಹೊರಟುಹೋಗುತ್ತಾನೆ. ಕಾನೂನು ಒಮ್ಮೆ ಕಣ್ಣು ಮುಚ್ಚಿಕೊಂಡರೆ ಬಿದ್ದ ಮನುಷ್ಯ ಮೇಲೇಳಬಲ್ಲ ಎಂಬುದು ಆ ಕಥೆಯ ನಂಬಿಕೆ.

ಎರಡನೆಯವನ ಕಾಲಕ್ಕೆ ಈ ನಂಬಿಕೆ ಉಳಿದಿರಲಿಲ್ಲ. ಅವನ ಹೆಸರು ಚೆಸ್ಟರ್ ಹೈಮ್ಸ್. 1909ರಲ್ಲಿ ಮಿಸೌರಿ ರಾಜ್ಯದ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದ. ತಂದೆ ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಲ್ಲಿ ಕಮ್ಮಾರಿಕೆ ಮತ್ತಿತರ ಕೈಕಸುಬು ಕಲಿಸುತ್ತಿದ್ದ ಅಧ್ಯಾಪಕ. ಒಮ್ಮೆ ಶಾಲೆಯ ರಸಾಯನ ಪ್ರಯೋಗದಲ್ಲಿ ಸ್ಫೋಟವಾಗಿ ಚೆಸ್ಟರ್‌ನ ಅಣ್ಣನ ಕಣ್ಣುಗಳಿಗೆ ಪೆಟ್ಟಾಯಿತು. ಬಿಳಿಯರ ಆಸ್ಪತ್ರೆ ಆ ಹುಡುಗನನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಅವನ ದೃಷ್ಟಿ ಹೋಯಿತು. ಆ ನೋವು ಚೆಸ್ಟರ್‌ನನ್ನು ಕೊನೆಯವರೆಗೂ ಬಿಡಲಿಲ್ಲ.

ಕಾಲೇಜಿನಿಂದ ಹೊರಹಾಕಿಸಿಕೊಂಡ ಹೈಮ್ಸ್ ಜೂಜುಕಟ್ಟೆಗಳ ಸಹವಾಸಕ್ಕೆ ಬಿದ್ದ. 1928ರಲ್ಲಿ ಪಿಸ್ತೂಲು ಹಿಡಿದು ಶ್ರೀಮಂತರ ಮನೆಯೊಂದಕ್ಕೆ ನುಗ್ಗಿ ಹಣ, ಒಡವೆ ದೋಚಿದ. ಷಿಕಾಗೋದಲ್ಲಿ ಸಿಕ್ಕಿಬಿದ್ದಾಗ ಪೊಲೀಸರು ತನ್ನನ್ನು ತಲೆಕೆಳಗಾಗಿ ತೂಗುಹಾಕಿ ಹೊಡೆದು ತಪ್ಪೊಪ್ಪಿಸಿದರೆಂದು ಅವನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನು ಅಪರಾಧ ಮಾಡಿದ್ದು ನಿಜ. ಅದನ್ನು ಎಂದೂ ಅಲ್ಲಗಳೆಯಲಿಲ್ಲ. ಆದರೆ 19 ವರ್ಷದ ಹುಡುಗನಿಗೆ ವಿಧಿಸಿದ್ದು 20ರಿಂದ 25 ವರ್ಷಗಳ ಕಠಿಣ ಶಿಕ್ಷೆ.

ಸುಮಾರು 1,500 ಮಂದಿಗಾಗಿ ಕಟ್ಟಿದ್ದ ಆ ಸೆರೆಮನೆಯಲ್ಲಿ ಆಗ 4,300ರಷ್ಟು ಕೈದಿಗಳನ್ನು ತುಂಬಲಾಗಿತ್ತು. 1930ರ ಏಪ್ರಿಲ್ 21ರ ಸಂಜೆ ಅಲ್ಲಿ ಬೆಂಕಿ ಬಿತ್ತು. ಕೋಣೆಗಳ ಬೀಗ ತೆರೆಯುವುದು ತಡವಾಯಿತು. 322 ಮಂದಿ ಸತ್ತರು. ಅನೇಕರು ಬೀಗ ಹಾಕಿದ ಕಂಬಿಗಳ ಹಿಂದೆಯೇ ಹೊಗೆಗೆ ಉಸಿರುಕಟ್ಟಿ ಪ್ರಾಣಬಿಟ್ಟರು. ಅಮೆರಿಕದ ಸೆರೆಮನೆಗಳ ಇತಿಹಾಸದಲ್ಲಿ ಅಷ್ಟು ಸಾವು ಕಂಡ ಬೆಂಕಿ ಇನ್ನೊಂದಿಲ್ಲ. ಹೈಮ್ಸ್ ಅದನ್ನು ಕಣ್ಣಾರೆ ಕಂಡ.

ಆ ವೇಳೆಗೆ ಅವನು ಪತ್ತೇದಾರಿ ಕಥೆಗಳ ಅಗ್ಗದ ಪತ್ರಿಕೆಗಳನ್ನು, ವಿಶೇಷವಾಗಿ ಡ್ಯಾಷಿಯಲ್ ಹ್ಯಾಮೆಟ್‌ನ ಕಥೆಗಳನ್ನು ಓದತೊಡಗಿದ್ದ. ಟೈಪ್‌ರೈಟರ್ ಸಂಪಾದಿಸಿ ತಾನೂ ಬರೆಯತೊಡಗಿದ. ಮೊದಲ ಕಥೆಗಳು ಕಪ್ಪು ಜನರ ಪತ್ರಿಕೆಗಳಲ್ಲಿ ಬಂದವು. 1934ರಲ್ಲಿ ‘ಎಸ್ಕ್ವೈರ್’ ಎಂಬ ಪ್ರತಿಷ್ಠಿತ ಮಾಸಪತ್ರಿಕೆ ಅವನ ಕಥೆಯನ್ನು ಸ್ವೀಕರಿಸಿತು. ಲೇಖಕನ ಹೆಸರಿರಬೇಕಾದಲ್ಲಿ ಅಚ್ಚಾದದ್ದು ಒಂದು ಸಂಖ್ಯೆ: 59623. ಅದೇ ವರ್ಷ ಬೆಂಕಿಯ ಆ ರಾತ್ರಿಯ ಕಥೆಯೂ ಅದೇ ಪತ್ರಿಕೆಯಲ್ಲಿ ಬಂತು. ಓ. ಹೆನ್ರಿ ಯಾವುದನ್ನು ಕಳಂಕವೆಂದು ಅಡಗಿಸಿದ್ದನೋ ಅದೇ ಇಲ್ಲಿ ಬರಹಗಾರನ ಅಧಿಕಾರವಾಯಿತು. ಸೆರೆಮನೆಯ ವಿಷಯ ಹೇಳಲು ಕೈದಿಗಿಂತ ಅರ್ಹನಾದವನು ಯಾರು?

ಏಳೂವರೆ ವರ್ಷ ಕಳೆದ ಮೇಲೆ, 1936ರಲ್ಲಿ, ಹೈಮ್ಸ್ ಪೆರೋಲ್ ಮೇಲೆ ಹೊರಬಂದ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ಯುದ್ಧಕಾಲದಲ್ಲಿ ಹಡಗುಕಟ್ಟೆಗಳಲ್ಲಿ ದುಡಿದ. ಮಾಡದ ಅಪರಾಧಕ್ಕೆ ಗುರಿಯಾಗುವ ಹಡಗುಕಟ್ಟೆಯ ಕಪ್ಪು ನೌಕರನ ಕಥೆಯಾದ ಮೊದಲ ಕಾದಂಬರಿ 1945ರಲ್ಲಿ ಪ್ರಕಟವಾಯಿತು. ಆದರೆ ಎರಡನೆಯ ಕಾದಂಬರಿಯನ್ನು ಬಲಪಂಥೀಯರೂ ಎಡಪಂಥೀಯರೂ ಸೇರಿ ಹಳಿದರು. ಸೆರೆಮನೆಯ ಬದುಕನ್ನು ಕುರಿತ ಕಾದಂಬರಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು 1952ರಲ್ಲಿ ಅಂಗಹೀನವಾಗಿ ಅಚ್ಚಾಯಿತು. ಅದರ ಪೂರ್ಣ ರೂಪ ಹೊರಬಂದದ್ದು 1998ರಲ್ಲಿ, ಲೇಖಕ ತೀರಿಕೊಂಡು 14 ವರ್ಷಗಳಾದ ಮೇಲೆ. ಬೇಸತ್ತ ಹೈಮ್ಸ್ 1953ರಲ್ಲಿ ಫ್ರಾನ್ಸಿಗೆ ಹೊರಟುಹೋದ.

ಪ್ಯಾರಿಸ್ಸಿನಲ್ಲಿ ಕೈಬರಿದಾಗಿದ್ದ ಅವನಿಗೆ ಮಾರ್ಸೆಲ್ ದುಯಾಮೆಲ್ ಎಂಬ ಸಂಪಾದಕ ಒಂದು ದಾರಿ ತೋರಿಸಿದ. ಗಾಲಿಮಾರ್ ಪ್ರಕಾಶನದ ಅಪರಾಧ ಕಾದಂಬರಿಗಳ ಮಾಲೆ ಆತನ ಕೈಯಲ್ಲಿತ್ತು. ಪತ್ತೇದಾರಿ ಕಾದಂಬರಿ ಬರೆದುಕೊಡು, ಘಟನೆಯಿಂದಲೇ ಶುರುಮಾಡು, ಪಾತ್ರಗಳ ಒಳಮನಸ್ಸಿನ ವಿಚಾರ ಬೇಡ ಎಂಬುದು ಅವನ ಸಲಹೆ. ಹೀಗೆ ಹಣದ ಅಗತ್ಯಕ್ಕೆ ಬರೆದ ಪುಸ್ತಕ 1958ರಲ್ಲಿ ಫ್ರಾನ್ಸಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಪ್ರಶಸ್ತಿಯನ್ನು ಗೆದ್ದಿತು. ‘ಎ ರೇಜ್ ಇನ್ ಹಾರ್ಲೆಂ’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದದ್ದು ಅದೇ.

ನ್ಯೂಯಾರ್ಕಿನಲ್ಲಿ ಕಪ್ಪು ಜನರ ಕೇರಿಯಾದ ಹಾರ್ಲೆಂ ಇದರ ರಂಗಭೂಮಿ. ಹತ್ತು ಡಾಲರ್ ನೋಟನ್ನು ನೂರರ ನೋಟು ಮಾಡಿಕೊಡುತ್ತೇವೆಂಬ ವಂಚಕರಿಗೆ ಒಬ್ಬ ಮುಗ್ಧ ಮರುಳಾಗುವುದರಿಂದ ಕಥೆ ಶುರುವಾಗುತ್ತದೆ. ಅವನ ಅವಳಿ ಸೋದರ ಸನ್ಯಾಸಿನಿಯ ವೇಷ ಹಾಕಿಕೊಂಡು ಸ್ವರ್ಗಕ್ಕೆ ಟಿಕೆಟ್ ಮಾರುತ್ತಿರುತ್ತಾನೆ! ಇಂಥ ಲೋಕವನ್ನು ಹದ್ದುಬಸ್ತಿನಲ್ಲಿಡಲು ಇರುವವರು ಕಾಫಿನ್ ಎಡ್ ಮತ್ತು ಗ್ರೇವ್ ಡಿಗರ್ ಎಂಬ ಇಬ್ಬರು ಕಪ್ಪು ಪೊಲೀಸ್ ಪತ್ತೇದಾರರು. ಶವಪೆಟ್ಟಿಗೆ ಮತ್ತು ಗೋರಿ ತೋಡುವವನು ಎಂಬುದು ಆ ಅಡ್ಡಹೆಸರುಗಳ ಅರ್ಥ. ಪೊಲೀಸರಿಂದ ಏಟು ತಿಂದ ಕೈದಿ ಪೊಲೀಸರನ್ನೇ ನಾಯಕರನ್ನಾಗಿ ಮಾಡಿದ್ದು ವಿಚಿತ್ರವೆನಿಸಬಹುದು. ಆದರೆ ಇವರು ಷರ್ಲಾಕ್ ಹೋಮ್ಸನ ಕುಲದವರಲ್ಲ. ಇವರೂ ಹೊಡೆಯುತ್ತಾರೆ, ಬೆದರಿಸುತ್ತಾರೆ. ಬಿಳಿಯ ಮೇಲಧಿಕಾರಿಗಳ ಕಾನೂನು, ತಮ್ಮದೇ ಜನರ ಕಷ್ಟ, ಇವೆರಡರ ನಡುವೆ ಸಿಕ್ಕಿ ಒದ್ದಾಡುತ್ತಾರೆ.

ಸಾಂಪ್ರದಾಯಿಕ ಪತ್ತೇದಾರಿ ಕಥೆ ಒಂದು ಲೆಕ್ಕದಂತೆ. ಕೊಲೆಗಾರ ಸಿಕ್ಕಿಬಿದ್ದೊಡನೆ ಲೆಕ್ಕ ಬಗೆಹರಿದು ಲೋಕ ಮತ್ತೆ ಸರಿಯಾಗುತ್ತದೆ. ಹೈಮ್ಸ್ ಒಡೆದದ್ದು ಈ ಸೂತ್ರವನ್ನು. 1965ರಲ್ಲಿ ಇಂಗ್ಲಿಷಿನಲ್ಲಿ ಬಂದು, 1970ರಲ್ಲಿ ಚಲನಚಿತ್ರವೂ ಆದ ‘ಕಾಟನ್ ಕಮ್ಸ್ ಟು ಹಾರ್ಲೆಂ’ ಕಾದಂಬರಿಯಲ್ಲಿ 87 ಬಡ ಕುಟುಂಬಗಳು ಆಫ್ರಿಕಕ್ಕೆ ಮರಳುವ ಆಸೆಯಿಂದ ತಲಾ 1,000 ಡಾಲರ್ ಕೊಟ್ಟು ಮೋಸಹೋಗುತ್ತವೆ. ಕೊನೆಗೆ ಪತ್ತೇದಾರರು ಬಿಳಿಯ ಅಪರಾಧಿಯಿಂದ 87,000 ಡಾಲರ್ ವಸೂಲು ಮಾಡಿ ಅವನನ್ನು ತಪ್ಪಿಸಿಕೊಳ್ಳಲು ಬಿಡುತ್ತಾರೆ. ಬಡವರಿಗೆ ಹಣ ಮರಳುತ್ತದೆ. ಕಾನೂನು ಸೋತು ನ್ಯಾಯ ಅಷ್ಟಿಷ್ಟು ಗೆಲ್ಲುತ್ತದೆ. ಓ. ಹೆನ್ರಿಯ ಪತ್ತೇದಾರ ಕರುಣೆಯಿಂದ ಕೈಬಿಟ್ಟಿದ್ದ. ಇವರು ಕೈಬಿಡುವುದು ಬೇರೆ ದಾರಿಯಿಲ್ಲದೆ.

1969ರ ‘ಬ್ಲೈಂಡ್ ಮ್ಯಾನ್ ವಿತ್ ಎ ಪಿಸ್ಟಲ್’ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಕೊಲೆ ಬಗೆಹರಿಯುವುದೇ ಇಲ್ಲ. ಒಬ್ಬ ಕುರುಡ ರೈಲಿನಲ್ಲಿ ಗುರಿಯಿಲ್ಲದೆ ಗುಂಡು ಹಾರಿಸುತ್ತಾನೆ. ಪತ್ತೇದಾರರಿಬ್ಬರೂ ಕೆಡವುತ್ತಿರುವ ಕಟ್ಟಡದಿಂದ ಓಡುವ ಇಲಿಗಳಿಗೆ ಗುಂಡು ಹೊಡೆಯುತ್ತ ನಿಲ್ಲುತ್ತಾರೆ. ಅಪರಾಧಿ ಒಬ್ಬ ವ್ಯಕ್ತಿಯಲ್ಲ, ಇಡೀ ವ್ಯವಸ್ಥೆ ಎಂದಾದಾಗ ಕೈಕೋಳ ತೊಡಿಸುವುದು ಯಾರಿಗೆ?

ಹೈಮ್ಸ್ 1984ರ ನವೆಂಬರ್‌ನಲ್ಲಿ ಸ್ಪೇನ್ ದೇಶದಲ್ಲಿ ತೀರಿಕೊಂಡ. ಅವನನ್ನು ಕೂಡಿಹಾಕಿದ್ದ ಸೆರೆಮನೆಯೂ ಮುಚ್ಚಿದ್ದು ಅದೇ ವರ್ಷ. ಪಶ್ಚಾತ್ತಾಪಪಟ್ಟ ಕೈದಿಯ ಕಥೆಯನ್ನು ಸಮಾಜ ಸುಲಭವಾಗಿ ಮೆಚ್ಚುತ್ತದೆ. ಅದು ಓದುಗನ ದೊಡ್ಡತನವನ್ನೂ ಹೊಗಳಿದಂತಾಗುತ್ತದೆ. ತಾನು ತಪ್ಪು ಮಾಡಿದ್ದೇನೆ ಎಂದು ಒಪ್ಪಿಕೊಂಡೇ, ತೀರ್ಪು ಕೊಟ್ಟವರ ಕಡೆಗೂ ಬೆರಳು ತೋರಿಸುವ ಕೈದಿಯನ್ನು ಕೇಳಿಸಿಕೊಳ್ಳುವುದು ಕಷ್ಟ. ಅಮೆರಿಕ ಹೈಮ್ಸ್‌ನನ್ನು ಕೇಳಿಸಿಕೊಳ್ಳಲು ತಡಮಾಡಿತು. ಹೆಸರು ಅಳಿಸಲೆಂದು ಸೆರೆಮನೆ ಕೊಟ್ಟಿದ್ದ ಆ ಐದು ಅಂಕಿಗಳು ಇಂದು ಸಾಹಿತ್ಯ ಚರಿತ್ರೆಯಲ್ಲಿ ಅವನ ಹೆಸರಿನ ಜೊತೆಗೇ ಇವೆ.