ಹೊಲದ ಪಂಚಾಂಗ, ಶಾಲೆಯ ಪಂಚಾಂಗ

ಸಿಂಧನೂರು ತಾಲ್ಲೂಕಿನ ಸಾಲಗುಂದದಂತಹ ಊರೊಂದರ ಪ್ರಾಥಮಿಕ ಶಾಲೆಗೆ ನಾವು ಹೋಗಿದ್ದೇವೆಂದು ಭಾವಿಸೋಣ. ಮೂರನೆಯ ತರಗತಿಯ ಮಗುವೊಂದನ್ನು ನಿಲ್ಲಿಸಿ ಋತುಗಳೆಷ್ಟು ಎಂದು ಕೇಳಿದರೆ, ಅದು ಉಸಿರು ಬಿಡದೆ ವಸಂತದಿಂದ ಶಿಶಿರದವರೆಗೆ ಆರನ್ನೂ ಒಪ್ಪಿಸಿಬಿಡುತ್ತದೆ. ಅದೇ ಮಗುವನ್ನು ಈಗ ಯಾವ ಕಾಲ ಎಂದು ಕೇಳಿ ನೋಡಿ. ಹೇಮಂತವೆಂದು ಅದು ಹೇಳುವುದಿಲ್ಲ. ಭತ್ತದ ಕೊಯ್ಲು ನಡೆದಿದೆ ಎನ್ನುತ್ತದೆ. ವರ್ಷ ಋತುವೆಂದು ಹೇಳುವುದಿಲ್ಲ. ಕಾಲುವೆಗೆ ನೀರು ಬಂತು, ನಾಟಿ ಹಚ್ಚಿದ್ದಾರೆ ಎನ್ನುತ್ತದೆ. ಮೊದಲನೆಯ ಉತ್ತರ ಪಾಠದಿಂದ ಬಂದುದು. ಎರಡನೆಯದು ಬದುಕಿನಿಂದ ಬಂದುದು. ಶಾಲೆಯ ಪಂಚಾಂಗ ಒಂದು, ಹೊಲದ ಪಂಚಾಂಗ ಇನ್ನೊಂದು. ಈ ಎರಡರ ನಡುವಣ ವ್ಯಾಜ್ಯವೇ ನಮ್ಮ ದೋಆಬಿನ, ಎಂದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಈ ಕರಿನೆಲದ, ಪ್ರಾಥಮಿಕ ಶಿಕ್ಷಣದ ಚರಿತ್ರೆ ಎಂದರೆ ಅತಿಶಯೋಕ್ತಿಯಾಗಲಾರದು.

ಅಕ್ಷರವೇನೋ ಈ ನೆಲಕ್ಕೆ ಹೊಸದಲ್ಲ. ಇಂದು ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಅದನ್ನು ಕಂಡುಹಿಡಿದನು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿ ದೊರೆತುದರಿಂದ ಚರಿತ್ರಕಾರರ ಬಹುದಿನದ ಸಂದೇಹವೊಂದು ಪರಿಹಾರವಾಯಿತು. ಹೀಗೆ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕಲ್ಲಿಗೆ ಬಂದ ಅಕ್ಷರ, ಒಕ್ಕಲಿಗನ ಮಗುವಿನ ಕೈಗೆ ಬರಲು ಎಷ್ಟು ಕಾಲ ಹಿಡಿಯಿತು, ಏಕೆ ಹಿಡಿಯಿತು ಎಂಬುದು ನಮ್ಮ ಪ್ರಶ್ನೆ.

ಹಳೆಯ ಕಾಲದ ಶಾಲೆಗಳು ಹೇಗಿದ್ದವೆಂಬುದನ್ನು ತಿಳಿಯಲು ಹೊಳೆಯ ಆಚೆಯ ದಂಡೆಗೆ ಹೋಗಬೇಕಾಗುತ್ತದೆ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿತ್ತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವಿವರವಾದ ಉತ್ತರವನ್ನು ಕಳುಹಿಸಿದನು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ ಮೊದಲಾದವು. ಕಲಿಯುವವರು ಒಟ್ಟು 6,641 ಮಂದಿ; ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಒಂಬತ್ತು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯಲ್ಲಿ ಏಳು ಸಾವಿರ ಮಂದಿ ಕೂಡ ಶಾಲೆಯಲ್ಲಿಲ್ಲವೆಂದು ಕಲೆಕ್ಟರನು ವಿಷಾದಿಸಿದನು.

ಆ ವರದಿಯಲ್ಲಿ ಶಾಲೆಯ ದಿನಚರಿಯ ಸೊಗಸಾದ ಚಿತ್ರವಿದೆ. ಐದನೆಯ ವರ್ಷದಲ್ಲಿ ಅಕ್ಷರಾಭ್ಯಾಸ. ಅಕ್ಕಿಯ ಮೇಲೆ ಗುರುವು ಮಗುವಿನ ಬೆರಳು ಹಿಡಿದು ಬರೆಸುವುದು. ಬೆಳಗಿನ ಆರು ಗಂಟೆಗೇ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ಅಲ್ಲಿಂದ ಮುಂದೆ ಒಬ್ಬೊಬ್ಬರಿಗೆ ಒಂದೊಂದು ಏಟು ಹೆಚ್ಚು. ಮರಳಿನ ಮೇಲೆ ಬರೆದು ಕಲಿಯುವ ಮಿತವ್ಯಯವನ್ನೂ, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನೂ ಆತನು ಮನಸಾರೆ ಮೆಚ್ಚಿಕೊಂಡನು. ಆದರೆ ಬಾಯಿಪಾಠದ ಪದ್ಯಗಳ ಅರ್ಥ ಮಕ್ಕಳಿಗೆ ತಿಳಿಯುತ್ತಿರಲಿಲ್ಲವೆಂದು ಆಕ್ಷೇಪಿಸಿದನು. ಇನ್ನೂ ಮುಖ್ಯವಾದ ಮಾತೆಂದರೆ, ಬಡತನ ಹೆಚ್ಚಿದುದರಿಂದ, ಎಳೆಯ ಕೈಗಳು ಯಾವುದಾದರೊಂದು ಸಣ್ಣ ಕೆಲಸಕ್ಕೆ ಒದಗುವಂತಾದೊಡನೆಯೇ ತಾಯಿತಂದೆಗಳು ಮಕ್ಕಳನ್ನು ದುಡಿಮೆಗೆ ಹಚ್ಚುತ್ತಿದ್ದಾರೆಂದು ಗುರುತಿಸಿದನು. ತಡವಾಗಿ ಬಂದವನಿಗೆ ಏಟುಂಟು; ಬರಲಾರದೆ ಹೋದವನಿಗೆ ಶಾಲೆಯೇ ಇಲ್ಲ. ಎರಡು ನೂರು ವರ್ಷಗಳ ಹಿಂದಿನ ಈ ಕಾಗದವನ್ನು ಓದುವಾಗ ನಮ್ಮ ಊರುಗಳ ಮಾತನ್ನೇ ಕೇಳಿದಂತಾಗುತ್ತದೆ.

ಆ ಹಳೆಯ ಐಗಳ ಶಾಲೆಗಳಿಗೆ ಒಂದು ಅನುಕೂಲವಿದ್ದಿತು. ಅವುಗಳ ಪಂಚಾಂಗ ಊರಿನ ಪಂಚಾಂಗವೇ ಆಗಿದ್ದಿತು. ಅಮಾವಾಸ್ಯೆ ಹುಣ್ಣಿಮೆಗಳಿಗೆ ಅನಧ್ಯಯನ. ಮಹಾನವಮಿ ಬಂದಿತೆಂದರೆ, ಕನ್ನಡ ನಾಡಿನ ಅನೇಕ ಕಡೆ ಗುರುಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಪದ ಹೇಳಿಸುತ್ತಿದ್ದರು. ಮಳೆ ಬಿದ್ದು ಪೈರು ಕಣ್ಣಿಗೆ ಕಾಣುವ ಆ ಕಾಲದಲ್ಲಿ ಮನೆಯವರ ಕೈ ತುಸು ಧಾರಾಳವಾಗಿರುತ್ತಿದ್ದಿತು. ಗುರುವಿಗೆ ಕಾಳುಕಡಿಯ ಕಾಣಿಕೆ ಸಲ್ಲುತ್ತಿದ್ದಿತು. ಊರು ಉಂಡರೆ ಗುರು ಉಂಡನು. ಊರಿಗೆ ಬರ ಬಂದರೆ ಶಾಲೆಯೂ ಮುಚ್ಚಿತು.

ಹೊಳೆಯ ಈಚೆ, ನಮ್ಮ ರಾಯಚೂರು ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಅಲ್ಲಿ ಸರ್ಕಾರಿ ಕಾಗದಪತ್ರಗಳೆಲ್ಲ ಫಸ್ಲಿ ಶಕೆಯನ್ನು ಅನುಸರಿಸುತ್ತಿದ್ದವು. ಕ್ರಿಸ್ತಶಕಕ್ಕೂ ಅದಕ್ಕೂ 590 ವರ್ಷಗಳಷ್ಟು ಅಂತರ. ಆಜುರ್ ಮಾಸದಿಂದ, ಎಂದರೆ ಅಕ್ಟೋಬರ್ ತಿಂಗಳ ಮೊದಲ ವಾರದಿಂದ, ಹೊಸ ವರ್ಷ ಆರಂಭವಾಗುತ್ತಿದ್ದಿತು. ಫಸ್ಲಿ ಎಂಬ ಹೆಸರೇ ಫಸಲಿನಿಂದ ಬಂದುದು. ಕಂದಾಯದ ವಸೂಲಿ ಬೆಳೆಯೊಡನೆ ಹೊಂದಲೆಂದು ಮೊಗಲರ ಕಾಲದಲ್ಲಿ ಹುಟ್ಟಿದ ಶಕೆ ಅದು. ಚರಿತ್ರೆಯ ವಿನೋದವನ್ನು ನೋಡಿರಿ: ಬೆಳೆಯ ಹೆಸರನ್ನೇ ಹೊತ್ತ ಪಂಚಾಂಗ, ಆದರೆ ಬೆಳೆ ಬೆಳೆಯುವವನ ಮಗುವಿಗೆ ಆಜುರ್, ದೈ, ಬಹಮನ್, ಇಸ್ಫಂದಾರ್ ಎಂಬ ಅದರ ತಿಂಗಳುಗಳೆಲ್ಲ ಅಪರಿಚಿತ. ಕೆಳಗಿನ ತರಗತಿಗಳಲ್ಲಿ ಕನ್ನಡ ಉಳಿದಿದ್ದರೂ ಮೇಲೇರಿದಂತೆಲ್ಲ ಉರ್ದುವೇ ಬೋಧನೆಯ ಭಾಷೆ. ಮನೆಯಲ್ಲಿ ಮೃಗಶಿರಾ, ಆರಿದ್ರಾ ಎಂದು ಮಳೆಗಳನ್ನು ಎಣಿಸುತ್ತಿದ್ದ ಹುಡುಗ ಶಾಲೆಯಲ್ಲಿ ಬೇರೆ ಎಣಿಕೆ ಕಲಿಯಬೇಕಾಗಿದ್ದಿತು. ಲೆಕ್ಕದ ಪಾಠದಲ್ಲಿ ಮಾತ್ರ ಬದುಕು ತಾನಾಗಿಯೇ ಒಳಗೆ ಬರುತ್ತಿದ್ದಿತು. ಸಂಸ್ಥಾನದ ಹಾಲಿ ಸಿಕ್ಕದ ಏಳು ರೂಪಾಯಿಗೆ ಹೊಳೆಯಾಚೆಯ ಆರು ರೂಪಾಯಿ ಸಮ. ಬಳ್ಳಾರಿಯ ಪೇಟೆಗೆ ಹತ್ತಿಯನ್ನು ಒಯ್ಯುವ ತಂದೆಗೆ ಆ ಲೆಕ್ಕ ಮಾಡಿಕೊಡುವ ಮಗ ಬೇಕಾಗಿದ್ದನು. ಓದಿನ ಪ್ರಯೋಜನವನ್ನು ಆ ತಂದೆಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ಪಾಠಪುಸ್ತಕದಲ್ಲಿ ಋತುವಿಗೆ ಸ್ಥಳವಿದ್ದರೂ ಇಲ್ಲದಿದ್ದರೂ ಮಕ್ಕಳು ಅದನ್ನು ಶಾಲೆಯೊಳಕ್ಕೆ ತಂದೇ ತರುತ್ತಿದ್ದರು. ಶಾಲೆ ತೆರೆದ ಕೆಲವೇ ದಿನಗಳಲ್ಲಿ ಕಾರಹುಣ್ಣಿಮೆ. ಅದರ ಬೆನ್ನಿಗೇ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣನ್ನು ಹದವಾಗಿ ನಾದಿ ಜೋಡೆತ್ತು ಮಾಡುವ ಹುಡುಗನಿಗೆ ಗೊತ್ತಿರುತ್ತದೆ: ನೀರು ಹೆಚ್ಚಾದರೆ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಕೊಂಬು ಬಿರಿಯುತ್ತದೆ. ಕರಿಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ, ಒಣಗಿದಾಗ ಸೀಳುವ ಗುಣವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠ ಯಾವುದುಂಟು? ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಪಂಚಮಿಗೆ ಜೋಕಾಲಿ, ಭಾದ್ರಪದದಲ್ಲಿ ಬುಟ್ಟಿಯೇರಿ ಬರುವ ಜೋಕುಮಾರ, ಸೀಗೆ ಹುಣ್ಣಿಮೆಗೆ ಹೊಲದ ಪೂಜೆ, ಎಳ್ಳಮಾವಾಸ್ಯೆಗೆ ಜೋಳದ ಹೊಲದಲ್ಲಿ ಚರಗ. ಇವುಗಳ ನಡುವೆ ಮೊಹರಮ್ಮಿನ ಅಲಾಯಿ. ಚಾಂದ್ರಮಾನದ ಆ ಹಬ್ಬ ಪ್ರತಿ ವರ್ಷ ಹನ್ನೊಂದು ದಿನಗಳಷ್ಟು ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಒಂದು ಅಲಾಯಿ ಕುಣಿಯ ಸುತ್ತ ನಿಂತ ಮಕ್ಕಳಿಗೆ ಸೂರ್ಯಚಂದ್ರರ ಗತಿಯ ಅಂತರವನ್ನು ಹೇಳಿಕೊಡಲು ಬೇರೆ ಭೂಗೋಳದ ಗೋಲ ಬೇಡ. ಕೈಕೆಲಸದ ಮೂಲಕವೇ ವಿದ್ಯೆ ಬರಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ವಿಚಾರ, ಮಣ್ಣೆತ್ತು ಮಾಡುವ ಮಕ್ಕಳಿಗೆ ಹೊಸದೇನೂ ಆಗಿರಲಿಲ್ಲ. ಅದನ್ನು ಪಾಠವೆಂದು ಒಪ್ಪಿಕೊಳ್ಳುವುದು ಮಾತ್ರ ದೊಡ್ಡವರಿಗೆ ಹೊಸದಾಗಿದ್ದಿತು.

ಇಷ್ಟರಲ್ಲಿ ನೆಲದ ಋತುವೇ ಬದಲಾಯಿತು. ಹೊಸಪೇಟೆಯ ಬಳಿ ಕಟ್ಟಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯತೊಡಗಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಕ್ರಮೇಣ ಗಂಗಾವತಿ, ಸಿಂಧನೂರು, ಮಾನ್ವಿಗಳ ಜೋಳ ಹತ್ತಿಯ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ಹಿಂದೆ ಹಿಂಗಾರಿನ ಬಿತ್ತನೆಗೆ ಹಸ್ತ ಚಿತ್ತೆಗಳ ಮಳೆಯನ್ನು ನಂಬಿದ್ದ ಒಕ್ಕಲುತನ, ಈಗ ಜಲಾಶಯದ ಮಟ್ಟವನ್ನು ನೋಡತೊಡಗಿತು. ನೀರನ್ನು ಅರಸಿ ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರಿನ ನೆಲ ನೆಲೆಯಾಯಿತು. ಒಂದೇ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ, ಉರ್ದು, ತೆಲುಗು, ಬಂಗಾಳಿ ಮನೆಮಾತಿನ ಮಕ್ಕಳು ಕಲೆತರು. 1956ರ ನವೆಂಬರ್ 1ರಂದು ಈ ಜಿಲ್ಲೆ ಏಕೀಕೃತ ರಾಜ್ಯವನ್ನು ಸೇರಿದ ಮೇಲೆ ಶಾಲೆಯ ಭಾಷೆ ಕನ್ನಡವಾಯಿತು. ಒಂದು ವ್ಯಾಜ್ಯ ಮುಗಿಯಿತು. ಪಂಚಾಂಗದ ವ್ಯಾಜ್ಯ ಮುಗಿಯಲಿಲ್ಲ.

ಏಕೆಂದರೆ, ಶಾಲೆಯ ವರ್ಷ ಇಡೀ ರಾಜ್ಯಕ್ಕೆ ಒಂದೇ: ಬೇಸಗೆ ಮುಗಿಯುತ್ತಲೇ ಆರಂಭ, ದಸರೆಗೆ ಬಿಡುವು, ಯುಗಾದಿಯ ಆಸುಪಾಸಿನಲ್ಲಿ ಪರೀಕ್ಷೆ, ಮತ್ತೆ ಬೇಸಗೆಯ ರಜೆ. ಕಾಲುವೆಯ ಮೇಲಿನ ಊರಿನಲ್ಲಿ ನಾಟಿಯ ಆತುರ ಜುಲೈ ಆಗಸ್ಟಿನಲ್ಲಿ. ತಾಯಿ ಗದ್ದೆಗಿಳಿದರೆ ಹಸುಗೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಮಳೆಯನ್ನೇ ನಂಬಿದ ಮಸ್ಕಿ, ಲಿಂಗಸುಗೂರು ಕಡೆಯ ಹೊಲಗಳಲ್ಲಿ ಜೋಳದ ಕಟಾವೂ ಹತ್ತಿ ಬಿಡಿಸುವುದೂ ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ. ಬೆಳೆ ಕೈಕೊಟ್ಟ ವರ್ಷವಂತೂ ಹೇಳುವುದೇ ಬೇಡ: ದೀಪಾವಳಿ ಕಳೆಯುತ್ತಲೇ ಬೆಂಗಳೂರಿಗೋ ಪುಣೆಗೋ ಗುಳೆ. ಬಾಗಿಲಿಗೆ ಬೀಗ, ಬಾಗಿಲ ಮುಂದೆ ಅಜ್ಜಿ. ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ಅಲ್ಲಿಯೂ ಇದೇ ಕಥೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಹೊಳೆಯ ಪಾಲಾದ ನೀರನ್ನು ಇಲ್ಲಿನ ಮನೆಗಳು ಎರಡನೆಯ ಬೆಳೆಯ ಅನ್ನವೆಂದೇ ಲೆಕ್ಕಹಾಕಿದವು.

ಸರ್ಕಾರ ಕೈಕಟ್ಟಿ ಕುಳಿತಿದೆಯೆಂದು ಹೇಳಲಾಗದು. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದುದು ಈ ಈಶಾನ್ಯ ಭಾಗದ ಜಿಲ್ಲೆಗಳಲ್ಲಿಯೇ. ಬಿಸಿಯೂಟದ ಗಂಟೆ ಎಷ್ಟೋ ಮಕ್ಕಳನ್ನು ಹೊಲದಿಂದ ಶಾಲೆಗೆ ಕರೆತಂದಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿ 2009ರಿಂದೀಚೆಗೆ ಎಲ್ಲೆಡೆ ಹಬ್ಬಿತು. ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದೆಂಬುದು ಅದರ ಮರ್ಮ. ನಡುವೆ ತಿಂಗಳುಗಟ್ಟಲೆ ಗೈರಾಗುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆಗಳೂ ನಡೆದಿವೆ. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ನ್ನು ದಾಟಿದ್ದಾಗ, ರಾಯಚೂರು ಜಿಲ್ಲೆಯದು 60ನ್ನು ಮುಟ್ಟಿರಲಿಲ್ಲ.

ಇಲ್ಲಿ ಹೆಚ್ಚು ಮಂದಿ ಗಮನಿಸದ ಸಂಗತಿಯೊಂದುಂಟು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನಿನ ಒಂಬತ್ತನೆಯ ವಿಧಿ, ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿಮಾಡುತ್ತದೆ. ವಲಸೆಗಾರರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಅವುಗಳಲ್ಲಿ ಒಂದು. ಶಾಲೆಯ ವಾರ್ಷಿಕ ಪಂಚಾಂಗವನ್ನು ನಿರ್ಧರಿಸುವುದು ಇನ್ನೊಂದು. ಎಂದರೆ, ಐಗಳ ಶಾಲೆಗೆ ರೂಢಿಯಿಂದ ಇದ್ದ ಅಧಿಕಾರವನ್ನು ಕಾನೂನು ಊರಿಗೆ ಹತ್ತಿರವಾದ ಕೈಗೆ ಮರಳಿ ಕೊಟ್ಟಿದೆ. ನಾಟಿಯ ಎರಡು ವಾರಗಳ ರಜೆಯನ್ನು ದಸರೆಯಿಂದ ಕಡಿದುಕೊಳ್ಳಬೇಕೆ, ಗುಳೆಗೆ ಮುಂಚೆಯೇ ಮುಖ್ಯ ಪಾಠಗಳನ್ನು ಮುಗಿಸಬೇಕೆ ಎಂಬುದನ್ನು ಊರವರೂ ಶಿಕ್ಷಕರೂ ಕೂಡಿ ಯೋಚಿಸಲು ಅಡ್ಡಿಯೇನು? ಮಗುವನ್ನು ಹೊಲಕ್ಕೆ ಒಪ್ಪಿಸಿಬಿಡಬೇಕೆಂಬುದು ನನ್ನ ಮಾತಿನ ಅರ್ಥವಲ್ಲ. ಹೊಲವನ್ನು ಅರಿಯದ ಪಂಚಾಂಗವೇ ಮಗುವನ್ನು ಹೊಲಕ್ಕೆ ಒಪ್ಪಿಸುತ್ತಿದೆ ಎಂಬುದು ನನ್ನ ಮಾತು.

ಶಾಲೆಯ ಹಾಜರಿ ಪುಸ್ತಕವನ್ನು ನಾವು ಶಿಸ್ತಿನ ದಾಖಲೆಯೆಂದು ತಿಳಿಯುತ್ತೇವೆ. ನಿಜಕ್ಕೂ ಅದೊಂದು ಊರಿನ ಚರಿತ್ರೆ. ನಾಟಿ ಎಂದು ಆಯಿತು, ನೀರು ಎಂದು ನಿಂತಿತು, ಯಾವ ಓಣಿ ಯಾವ ವಾರ ಗುಳೆ ಹೊರಟಿತು ಎಂಬುದೆಲ್ಲ ಅದರ ಗೈರುಹಾಜರಿಯ ಗುರುತುಗಳಲ್ಲಿ ಬರೆದಿರುತ್ತದೆ. ಜೂನ್ ತಿಂಗಳಲ್ಲಿ ಮಣ್ಣೆತ್ತು ಮಾಡಿ ತಂದು ಗುರುಗಳ ಮೇಜಿನ ಮೇಲೆ ಇಟ್ಟ ಹುಡುಗನ ಹೆಸರಿನ ಮುಂದೆ ಡಿಸೆಂಬರಿನಲ್ಲಿ ಸಾಲುಸಾಲಾಗಿ ಆ ಗುರುತು ಬಿದ್ದಿದ್ದರೆ, ತಪ್ಪು ಹುಡುಗನದಲ್ಲ. ಎತ್ತು ಇನ್ನೂ ಕಪಾಟಿನ ಮೇಲೆಯೇ ಇರುತ್ತದೆ. ಅವನು ಹಿಂದಿರುಗಿದಾಗ ಅವನ ಪಾಠವೂ ಅಲ್ಲಿಯೇ ಕಾದಿರಬೇಕು.